ದೂಳಿನ ಕಣ, ಕಂಸಾಳೆಯ ಮಿಂಚು

ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ದೇವರ ಗೂಡಿನೊಳಗೆ ಕಟ್ಟು ಹಾಕಿಸಿದ ಒಂದು ಫೋಟೊ ಇದೆ. ಮಾದಪ್ಪನ ಪೂಜೆಯ ರಾತ್ರಿ ಅಂಗಳದಲ್ಲಿ ತೆಗೆದದ್ದು. ಕುಣಿಯುತ್ತಿರುವವರ ತಲೆಯ ಮೇಲೆ ಹತ್ತಾರು ಬಿಳಿ ವೃತ್ತಗಳು ತೇಲುತ್ತಿವೆ. "ನಮ್ಮ ಕಣ್ಣಿಗೆ ಕಾಣಲಿಲ್ಲ, ಕ್ಯಾಮೆರಾಕ್ಕೆ ಕಂಡಿತು ನೋಡಪ್ಪ" ಎಂದು ದೊಡ್ಡಮ್ಮ ಕೈಮುಗಿದರು. ಅವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇನ್ನೊಂದು ಮನೆಯಲ್ಲಿ ಇಂಥದೇ ಚಿತ್ರ ತೋರಿಸಿ, ಗಾಳಿ ಸೇರಿದೆ ಎಂದು ಹೆದರಿಸಿ, ತಾಯಿತಕ್ಕೆ ಹಣ ಕಿತ್ತದ್ದನ್ನು ಕಂಡಿದ್ದೇನೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆ ವೃತ್ತಗಳು ದೂಳು. ಕುಣಿತಕ್ಕೆ ಎದ್ದು ಕ್ಯಾಮೆರಾದ ಫ್ಲ್ಯಾಶ್‌ಗೆ ಹೊಳೆದ ಅಂಗಳದ ದೂಳು.

ಫ್ಲ್ಯಾಶ್‌ನ ಬೆಳಕು ಮುಂದೆ ಸಾಗುತ್ತಾ ಹರಡುತ್ತದೆ. ಒಂದೇ ಸೌಟು ಹಿಟ್ಟಿನಲ್ಲಿ ದೋಸೆಯನ್ನು ಎರಡರಷ್ಟು ಅಗಲಕ್ಕೆ ಎಳೆದರೆ ಅದರ ದಪ್ಪ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರರಷ್ಟು ಎಳೆದರೆ ಒಂಬತ್ತನೆಯ ಒಂದು ಭಾಗ. ಬೆಳಕಿನ ಲೆಕ್ಕವೂ ಅದೇ. ಔಷಧ ಹೊಡೆಯುವ ಪಂಪಿನ ಮೂತಿಯನ್ನು ಎಲೆಯ ಹತ್ತಿರ ಹಿಡಿದರೆ ಆ ಒಂದೇ ಎಲೆ ತೊಪ್ಪೆಯಾಗುತ್ತದೆ, ದೂರ ಹಿಡಿದರೆ ಇಡೀ ಗಿಡಕ್ಕೆ ತೆಳುವಾಗಿ ತಾಗುತ್ತದೆ. ಈಗ ಕುಣಿಯುವವನು ಎರಡು ಮೀಟರ್ ದೂರದಲ್ಲಿದ್ದಾನೆ, ದೂಳಿನ ಕಣ ಲೆನ್ಸಿನಿಂದ ಐದು ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಕಣ 40 ಪಟ್ಟು ಹತ್ತಿರ. ಅದಕ್ಕೆ ಬೀಳುವ ಬೆಳಕು 1,600 ಪಟ್ಟು ಹೆಚ್ಚು! ಫೋಕಸ್ ಇರುವುದು ಕುಣಿಯುವವನ ಮೇಲಾದ್ದರಿಂದ ಕಣ ಮಸುಕಾಗಿ ಹಿಗ್ಗುತ್ತದೆ, ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯ ಆಕಾರವನ್ನೇ ತಳೆಯುತ್ತದೆ. ದುಂಡು ಕಿಂಡಿಗೆ ದುಂಡು ಬಿಲ್ಲೆ. ಕೆಲವು ಲೆನ್ಸುಗಳ ಕಿಂಡಿಯನ್ನು ಕಿರಿದು ಮಾಡಿದರೆ ಬಿಲ್ಲೆಗೂ ಮೂಲೆಗಳು ಮೂಡುತ್ತವೆ. ದೈವಕ್ಕೋ ದೆವ್ವಕ್ಕೋ ಲೆನ್ಸಿನ ಅಚ್ಚು ಏಕೆ ಬೇಕು?

ಮರುವರ್ಷ ಅದೇ ಅಂಗಳದಲ್ಲಿ ಚಿಟಿಕೆ ರಂಗೋಲಿ ಪುಡಿ ಊದಿ ಫೋಟೊ ತೆಗೆದು ತೋರಿಸಿದೆ. ವೃತ್ತಗಳು ಸಾಲುಸಾಲಾಗಿ ಬಂದವು. ಆಮೇಲೆ ಫ್ಲ್ಯಾಶನ್ನು ಕ್ಯಾಮೆರಾದ ತಲೆಯಿಂದ ಬಿಚ್ಚಿ, ಕೈಚಾಚಿ ಪಕ್ಕಕ್ಕೆ ಹಿಡಿದೆ. ಲೆನ್ಸಿನ ಮುಂದಿನ ಪುಡಿಗೆ ಬೆಳಕೇ ತಾಗಲಿಲ್ಲ, ವೃತ್ತಗಳು ಮಾಯ. ನನಗೆ ಬೆರಗು ತಂದದ್ದು ಇನ್ನೊಂದು. ಅಷ್ಟು ಹೊತ್ತು ರೊಟ್ಟಿಯಂತೆ ಚಪ್ಪಟೆಯಾಗಿ ಕಾಣುತ್ತಿದ್ದ ದೊಡ್ಡಮ್ಮನ ಮುಖಕ್ಕೆ ಮೂಗು, ಕೆನ್ನೆ, ಹಣೆಯ ಗೆರೆಗಳು ಒಮ್ಮೆಲೇ ಬಂದಿದ್ದವು. ಉಬ್ಬುತಗ್ಗನ್ನು ಕಣ್ಣಿಗೆ ಹೇಳುವುದು ನೆರಳು. ಬೆಳಕು ಲೆನ್ಸಿನ ಪಕ್ಕದಿಂದಲೇ ಹೊರಟರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ಬಿಳಿ ಗೋಡೆಗೆ ಬೆಳಕು ಹೊಡೆದು ಅಲ್ಲಿಂದ ಮರಳಿಸಿದರೆ ಗೋಡೆಯೇ ದೀಪವಾಗಿ ನೆರಳಿನ ಅಂಚು ಮೆದುವಾಗುತ್ತದೆ. ಹಸಿರು ಬಣ್ಣ ಬಳಿದ ಗೋಡೆಯಾದರೆ ಮುಖವೂ ಹಸಿರಾಗುವುದರಿಂದ ಎಚ್ಚರ ಬೇಕು.

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪಗಳು ಹೊತ್ತಿಕೊಂಡಾಗ ಅದರತ್ತ ಫ್ಲ್ಯಾಶ್ ಹೊಡೆಯುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಇನ್ನೂರು ಮೀಟರ್ ದೂರಕ್ಕೆ ತಲುಪುವುದು ಎರಡು ಮೀಟರಿಗೆ ತಲುಪಿದ್ದರ ಹತ್ತು ಸಾವಿರದ ಒಂದು ಪಾಲು. ಬೆಳಗುವುದು ಮುಂದೆ ನಿಂತವರ ಬೆನ್ನು ಮಾತ್ರ.

ಫ್ಲ್ಯಾಶ್‌ನ ನಿಜವಾದ ಸೊಗಸು ಅದರ ಕ್ಷಣಿಕತೆಯಲ್ಲಿದೆ. ನಾಲ್ಕು ಸಣ್ಣ ಸೆಲ್‌ಗಳ ಆರು ವೋಲ್ಟನ್ನು ಮುನ್ನೂರರ ಆಸುಪಾಸಿಗೆ ಏರಿಸಿ ಕೆಪ್ಯಾಸಿಟರಿನಲ್ಲಿ ಕೂಡಿಡುತ್ತಾರೆ. ಕನ್ನಂಬಾಡಿ ಕಟ್ಟೆಯಲ್ಲಿ ದಿನಗಟ್ಟಲೆ ನಿಂತ ನೀರನ್ನು ಎಲ್ಲ ಗೇಟುಗಳಿಂದ ಒಂದೇ ಸಲ ಬಿಟ್ಟಂತೆ, ಅದು ಕ್ಸೆನಾನ್ ಅನಿಲ ತುಂಬಿದ ಕೊಳವೆಯೊಳಗೆ ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟರಲ್ಲಿ ನುಗ್ಗಿ ಮುಗಿಯುತ್ತದೆ. ಶಕ್ತಿಯನ್ನು ಕಡಿಮೆ ಮಾಡಿದರೆ ಬೆಳಕು ಮಂದವಾಗುತ್ತದೆ ಎಂದು ಬಹಳ ದಿನ ನಂಬಿದ್ದೆ. ಕ್ಯಾಮೆರಾದ ಮೇಲೆ ಕೂರುವ ಇಂದಿನ ಫ್ಲ್ಯಾಶ್ ಹಾಗೆ ಮಾಡುವುದಿಲ್ಲ. ಗೇಟನ್ನು ಬೇಗ ಮುಚ್ಚುತ್ತದೆ. ಹೀಗಾಗಿ ಕನಿಷ್ಠ ಶಕ್ತಿಯಲ್ಲಿ ಮಿಂಚು ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿಗಿಂತಲೂ ಚುರುಕಾಗಬಲ್ಲದು. ಮೊಬೈಲಿನ ಎಲ್‌ಇಡಿ ಇದನ್ನು ಮಾಡಲಾರದು, ಅದು ಕೆಲಹೊತ್ತು ಉರಿಯುವ ಟಾರ್ಚು ಅಷ್ಟೆ.

1851ರಲ್ಲಿ, ಫೋಟೊ ತೆಗೆಸಿಕೊಳ್ಳಲು ಜನ ಉಸಿರು ಬಿಗಿಹಿಡಿದು ಕೂರಬೇಕಿದ್ದ ಕಾಲದಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫೋಟೊಗ್ರಫಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಫಾಕ್ಸ್ ಟಾಲ್ಬಟ್ ಒಂದು ವೃತ್ತಪತ್ರಿಕೆಯ ತುಂಡನ್ನು ಚಕ್ರಕ್ಕೆ ಅಂಟಿಸಿ ಗಿರ್ರನೆ ತಿರುಗಿಸಿದ. ಕತ್ತಲೆ ಕೋಣೆಯಲ್ಲಿ ಒಂದೇ ಒಂದು ವಿದ್ಯುತ್ ಕಿಡಿ. ಪ್ಲೇಟಿನ ಮೇಲೆ ಅಕ್ಷರಗಳು ಓದುವಂತೆ ಮೂಡಿದವು! ಎಂಬತ್ತು ವರ್ಷಗಳ ನಂತರ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಎಜರ್ಟನ್ ಈ ಕಿಡಿಯನ್ನು ಕೊಳವೆಯೊಳಗೆ ಪಳಗಿಸಿದ. ಬಿದ್ದ ಹಾಲಿನ ಹನಿ ಕಿರೀಟದಂತೆ ಚಿಮ್ಮಿದ 1957ರ ಅವನ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ.

ದೊಡ್ಡಮ್ಮನ ಅಂಗಳದಲ್ಲಿ ಹಾಲಿನ ಹನಿಯ ಬದಲು ಬೀಸು ಕಂಸಾಳೆ. ದಾರಕ್ಕೆ ಕಟ್ಟಿದ ಕಂಚಿನ ತಾಳ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಬೀಸಿತು ಎಂದರೆ, ಸೆಕೆಂಡಿನ ಅರವತ್ತನೆಯ ಒಂದು ಪಾಲಿನಲ್ಲಿ ಎಂಟು ಸೆಂಟಿಮೀಟರ್ ಸರಿದು ಕಲಸಿಹೋಗುತ್ತದೆ. ಹತ್ತು ಸಾವಿರದ ಒಂದು ಪಾಲಿನಲ್ಲಿ ಸರಿಯುವುದು ಬರೀ ಅರ್ಧ ಮಿಲಿಮೀಟರ್. ಆದರೆ ತಾಳ ಹಾಗೆ ಗಾಳಿಯಲ್ಲಿ ನಿಂತುಬಿಟ್ಟರೆ ಕುಣಿತವೇ ಸತ್ತಂತೆ. ಅದಕ್ಕೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲನ್ನು, ಅಂದರೆ ಶಟರನ್ನು, ಅರ್ಧ ಸೆಕೆಂಡು ತೆರೆದಿಟ್ಟೆ. ಅಂಗಳದ ಬಲ್ಬಿನ ಬೆಳಕು ತಾಳದ ದಾರಿಯನ್ನು ಚಿನ್ನದ ಗೆರೆಯಾಗಿ ಎಳೆಯಿತು, ಫ್ಲ್ಯಾಶ್ ಆಟಗಾರನನ್ನು ಅಚ್ಚೊತ್ತಿತು. ಒಂದೇ ಚಿತ್ರದೊಳಗೆ ಎರಡು ಕಾಲ. ಮೊದಲು ಗೆರೆ ತಾಳದ ಮುಂದೆ ಬಿತ್ತು, ಹಿಂದಕ್ಕೆ ಬೀಸಿದಂತೆ ಕಂಡಿತು. ಫ್ಲ್ಯಾಶ್ ಶಟರ್ ತೆರೆದೊಡನೆ ಹೊಡೆಯುತ್ತದಲ್ಲ, ಅದಕ್ಕೆ. ರಿಯರ್ ಕರ್ಟನ್ ಆಯ್ಕೆಗೆ ತಿರುಗಿಸಿದರೆ ಶಟರ್ ಮುಚ್ಚುವ ಮುಂಚಿನ ಗಳಿಗೆಯಲ್ಲಿ ಹೊಡೆಯುತ್ತದೆ, ಗೆರೆ ಬಾಲದಂತೆ ಹಿಂದೆ ಬೀಳುತ್ತದೆ.

ಆದರೆ ಎರಡು ತಾಳ ಕೂಡುವ ಕ್ಷಣ ಬೇಕೆಂದರೆ ಅರ್ಧ ಸೆಕೆಂಡು ಮೊದಲೇ ಗುಂಡಿ ಒತ್ತಬೇಕು. ಹಾಡಿನ ಲಯ ನನಗೆ ಗೊತ್ತಿಲ್ಲ, ಹತ್ತಿಪ್ಪತ್ತು ಚಿತ್ರ ಹಾಳಾದವು. ದೊಡ್ಡಮ್ಮ ಪಕ್ಕಕ್ಕೆ ಬಂದು ಕುಳಿತು ತೊಡೆ ತಟ್ಟುತ್ತಾ ತಾಳ ಹಿಡಿದರು. ನಾನು ಅವರ ಕೈ ಮೇಲೆದ್ದಾಗಲೆಲ್ಲ ಒತ್ತಿದೆ.