ಆ ಅಭಿಪ್ರಾಯ ಯಾವ ತಿಂಗಳಿನದು?

ಕಲಬುರಗಿಯಲ್ಲಿ ನಾನು ಗಿಟಾರ್ ರಿಪೇರಿಗೆ ಕುಳಿತು ಹದಿನೆಂಟು ವರ್ಷವಾಯಿತು. ಚರ್ಚಿನ ಗಾಯನ ತಂಡದವರು, ಮದುವೆ ಆರ್ಕೆಸ್ಟ್ರಾದವರು, ಎಂಜಿನಿಯರಿಂಗ್ ಕಾಲೇಜಿನ ಹುಡುಗರು ನನ್ನ ಗಿರಾಕಿಗಳು. ಈಚೆಗೆ ಬರುವವರಲ್ಲಿ ಹಲವರು ಕೇಳುವುದು ಒಂದೇ: ‘ಸರ್, ಸುಹ್ರ್ ಗಿಟಾರ್ ಅಷ್ಟು ದುಡ್ಡಿಗೆ ತಕ್ಕದ್ದೇ? ನುಡಿಸಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.’

ಹೇಳುವುದು ಸಹಜವೇ. ಈ ಅಮೆರಿಕನ್ ಬ್ರಾಂಡನ್ನು ಹುಟ್ಟುಹಾಕಿದ ಜಾನ್ ಸುಹ್ರ್ ಮೊದಲು ನ್ಯೂಯಾರ್ಕಿನಲ್ಲಿ ಗಿಟಾರ್ ಅಂಗಡಿಯ ರೂಡಿ ಪೆನ್ಸಾ ಅವರ ಜೊತೆ ಗಿಟಾರ್ ಕಟ್ಟುತ್ತಿದ್ದವರು. ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ ಕೈಯಲ್ಲಿ ಜಗತ್ತು ಕಂಡ ಪೆನ್ಸಾ-ಸುಹ್ರ್ ಗಿಟಾರ್ ಆ ಕಾಲದ್ದು. ಮುಂದೆ ಫೆಂಡರ್ ಗಿಟಾರ್ ಕಂಪನಿಯ, ವಿಶೇಷ ಗಿಟಾರುಗಳನ್ನು ಕಟ್ಟುವ ಕಸ್ಟಮ್ ಶಾಪಿನಲ್ಲಿ ದುಡಿದು, 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಕಾರ್ಖಾನೆ ತೆರೆದರು. ಅವರ ಗಿಟಾರಿನ ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ಮತ್ತು ಫ್ರೆಟ್ (ಅದರ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಕೆಲಸವನ್ನು ಹೊಗಳದವರನ್ನು ನಾನು ಕಂಡದ್ದು ಕಡಿಮೆ. ನಾದದ ಮಾತು ಬಂದಾಗ ಮಾತ್ರ ಜಗಳ. ಸ್ವಚ್ಛ, ಸಮ ಎಂದು ಕೆಲವರು ಮೆಚ್ಚಿದರೆ, ಹಳೆಯ ಗಿಟಾರಿನ ಒರಟುತನ ಇದರಲ್ಲಿ ಇಲ್ಲ ಎಂದು ಇನ್ನು ಕೆಲವರು ಕೊರಗುತ್ತಾರೆ. ನನ್ನ ಮಟ್ಟಿಗೆ ಫ್ರೆಟ್ ಕೆಲಸದ ಹೊಗಳಿಕೆ ನಂಬಲರ್ಹ, ಏಕೆಂದರೆ ಫ್ರೆಟ್ಟಿನ ಎತ್ತರ ಅಳತೆಗೆ ಸಿಗುತ್ತದೆ. ತಂತಿಯ ಬಿಗಿತ ಇರುವಾಗಲೇ ಪ್ರತಿ ಫ್ರೆಟ್ಟನ್ನೂ ಅಳೆದು, ಆಮೇಲೆ ತಂತಿ ತೆಗೆದು ಉಜ್ಜುವ ಪ್ಲೆಕ್ ಎಂಬ ಯಂತ್ರವನ್ನು ಅವರು ಬಳಸುತ್ತಾರೆ. ನಾದ ಅವರವರ ಕಿವಿಗೆ ಸೇರಿದ್ದು, ಅಲ್ಲಿ ನಾನು ತಲೆ ಹಾಕುವುದಿಲ್ಲ.

ಆದರೆ ಯಾವ ಬ್ರಾಂಡಿನ ಬಗ್ಗೆ ಯಾರು ಏನೇ ಹೇಳಲಿ, ನಾನು ಮೊದಲು ಕೇಳುವುದು ಊರು ಮತ್ತು ತಿಂಗಳು. ಮರ ತೇವಾಂಶವನ್ನು ಹೀರುತ್ತದೆ, ಬಿಡುತ್ತದೆ. ಗಿಟಾರಿಗೆ ಹಿತವಾದದ್ದು ಶೇ 45ರಿಂದ 55ರಷ್ಟು ತೇವ. ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಮಧ್ಯಾಹ್ನ ನನ್ನ ಅಂಗಡಿಯ ತೇವಮಾಪಕ ಇಪ್ಪತ್ತಕ್ಕಿಂತ ಕೆಳಗೆ ಇಳಿದಿರುತ್ತದೆ. ಆಗ ಫ್ರೆಟ್ ಹಲಗೆ ಅಡ್ಡಕ್ಕೆ ಕುಗ್ಗುತ್ತದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ಹಾಗಾಗಿ ಅದರ ತುದಿಗಳು ಹೊರಗೆ ಚಾಚಿ ಅಂಗೈಯನ್ನು ಕೆರೆಯುತ್ತವೆ. ನೆಕ್ ಹಿಂದಕ್ಕೆ ಬಾಗಿ, ತಂತಿ ಫ್ರೆಟ್ಟಿಗೆ ತಾಗಿ ಝುಂಯ್ ಎನ್ನುತ್ತದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಬೀದರಿನ ಒಬ್ಬ ಯುವಕ, ಹೊರದೇಶದ ಒಂದು ಸಣ್ಣ ಕಾರ್ಯಾಗಾರದಲ್ಲಿ ತಯಾರಾದ ದುಬಾರಿ ಗಿಟಾರನ್ನು ತಂದು ಮೇಜಿನ ಮೇಲೆ ಇಟ್ಟ. ಚರ್ಚಿನಲ್ಲಿ ನುಡಿಸುವವನು, ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡಿದ್ದ. ‘ಮೋಸ ಹೋದೆ ಅಣ್ಣ, ಮಾರಿಬಿಡುತ್ತೇನೆ’ ಎಂದ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಹತ್ತು ದಿನ ಬಿಟ್ಟು ಹೋಗು ಎಂದೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು, ಅದನ್ನು ಗಿಟಾರಿನ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದೆ. ನಾಲ್ಕನೆಯ ದಿನದ ಹೊತ್ತಿಗೆ ಫ್ರೆಟ್ ತುದಿಗಳು ಬಹುಮಟ್ಟಿಗೆ ಒಳಗೆ ಸರಿದಿದ್ದವು. ಉಳಿದಷ್ಟನ್ನು ಸಣ್ಣ ಅರದಿಂದ ಉಜ್ಜಿ, ನೆಕ್ಕಿನ ಬಾಗು ಸರಿಪಡಿಸುವ ಒಳಗಿನ ಲೋಹದ ಸರಳನ್ನು (ಟ್ರಸ್ ರಾಡ್) ಕಾಲು ಸುತ್ತು ಸಡಿಲಿಸಿ, ಏಳನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗೆ ಕಾಲು ಮಿಲಿಮೀಟರಿನಷ್ಟು ಸಂದು ಬರುವಂತೆ ಮಾಡಿದೆ. ಗಿಟಾರಿನಲ್ಲಿ ದೋಷವೇ ಇರಲಿಲ್ಲ. ಈಗ ಸುಹ್ರ್ ಸೇರಿದಂತೆ ಹಲವರು ನೆಕ್ಕಿಗೆ ಹುರಿದ ಮೇಪಲ್ ಮರ ಬಳಸುತ್ತಿರುವುದು ಇದೇ ಕಾರಣಕ್ಕೆ: ಆಮ್ಲಜನಕ ಕಡಿಮೆ ಇರುವ ಒಲೆಯಲ್ಲಿ ಕಾಯಿಸಿದ ಮರ ಹವೆಗೆ ಅಷ್ಟು ಬೇಗ ಸ್ಪಂದಿಸುವುದಿಲ್ಲ. ನಮ್ಮ ಭಾಗದವರು ಬಣ್ಣಕ್ಕಿಂತ ಮೊದಲು ಇದನ್ನು ವಿಚಾರಿಸಬೇಕು.

ಗುಂಯ್‌ಗುಡುವಿಕೆಯ ದೂರಿನದೂ ಇದೇ ಕತೆ. ತಂತಿಯ ಕಂಪನವನ್ನು ಒಂದೇ ಸುರುಳಿಯಿಂದ ವಿದ್ಯುತ್ ಸಂಕೇತವಾಗಿಸುವ ಸಿಂಗಲ್ ಕಾಯಿಲ್ ಪಿಕಪ್ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಸದ್ದನ್ನು ಹಿಡಿದೇ ಹಿಡಿಯುತ್ತದೆ. ಸುಹ್ರ್ ತನ್ನ ಕೆಲವು ಗಿಟಾರುಗಳ ಒಳಗೆ ಇನ್ನೊಂದು ಸುರುಳಿಯನ್ನು ಅಡಗಿಸುತ್ತದೆ. ಅದು ಅದೇ ಸದ್ದನ್ನು ತಿರುವುಮುರುವಾಗಿ ಹಿಡಿದು ಕಳೆದುಹಾಕುತ್ತದೆ, ತಂತಿಯ ದನಿಯನ್ನು ಮುಟ್ಟುವುದಿಲ್ಲ. ಒಳ್ಳೆಯ ಉಪಾಯ. ಆದರೆ ನಮ್ಮ ಕಲ್ಯಾಣ ಮಂಟಪಗಳಲ್ಲಿ ಜನರೇಟರ್ ಪಕ್ಕದಲ್ಲೇ ವೇದಿಕೆ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು, ಅರ್ಥಿಂಗ್ ಇಲ್ಲ. ಹಾಗೆ ನುಡಿಸುವುದು ಸದ್ದಿನ ಮಾತಲ್ಲ, ಜೀವದ ಮಾತು. ಆರ್ಕೆಸ್ಟ್ರಾದ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ: ಮೊದಲು ಅರ್ಥಿಂಗ್ ಪರೀಕ್ಷಿಸಿ, ಆಮೇಲೆ ತಂತಿ ಮುಟ್ಟಿ.

ಬೀದರಿನ ಯುವಕ ಆಗಸ್ಟಿನಲ್ಲಿ ಮತ್ತೆ ಬಂದ. ಮಳೆಗಾಲದ ತೇವಕ್ಕೆ ನೆಕ್ ಮುಂದಕ್ಕೆ ಬಾಗಿ, ತಂತಿಗಳು ತುಸು ಎತ್ತರವಾಗಿದ್ದವು. ಸಡಿಲಿಸಿದ್ದ ಕಾಲು ಸುತ್ತನ್ನು ಅವನ ಕೈಯಿಂದಲೇ ಬಿಗಿ ಮಾಡಿಸಿದೆ. ಭಾನುವಾರದ ಆರಾಧನೆಗೆ ಅವನು ಈಗಲೂ ಅದನ್ನೇ ನುಡಿಸುತ್ತಿದ್ದಾನೆ.