ಮನೆಯಲ್ಲೇ ಹೆರಿಗೆಯಾದರೆ ಮುಚ್ಚಿಡಬೇಡಿ, ಅವತ್ತೇ ಫೋನ್ ಮಾಡಿ

“ಸಿಸ್ಟರ್, ಬೈಬೇಡಿ” ಅಂತಲೇ ಆ ಅತ್ತೆ ಮಾತು ಶುರು ಮಾಡಿದರು. ಸೊಸೆಗೆ ಮನೆಯಲ್ಲೇ ಹೆರಿಗೆಯಾಗಿ ಮೂರು ದಿನವಾಗಿತ್ತು. ಎರಡನೇ ಹೆರಿಗೆ, ನೋವು ಶುರುವಾಗಿ ಗಂಟೆಯೊಳಗೆ ಮಗು ಬಂದುಬಿಟ್ಟಿತ್ತು, 108 ಬರುವಷ್ಟೂ ಹೊತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಆದರೆ ಆಸ್ಪತ್ರೆಯಲ್ಲಿ ಬೈತಾರೆ ಅಂತ ಹೆದರಿ ಯಾರಿಗೂ ಹೇಳದೆ ಕೂತಿದ್ದರು, ಅಷ್ಟರಲ್ಲಿ ಬಾಣಂತಿಗೆ ಚಳಿಜ್ವರ ಹಿಡಿದಿತ್ತು.

ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಬೈಯುವವರನ್ನು ನಾನೂ ನೋಡಿದ್ದೇನೆ, ನನಗೆ ಅದು ತುಂಬಾ ಬೇಜಾರಿನ ವಿಷಯ. ಮನೆಯಲ್ಲಿ ಹೆತ್ತವಳಿಗೂ ಸರ್ಕಾರಿ ಆಸ್ಪತ್ರೆ ಅವಳದೇ. ಬಾಣಂತನದಲ್ಲಿ ಬರುವ ತೊಂದರೆಗೆ, ವರ್ಷ ತುಂಬದ ಮಗುವಿನ ಕಾಯಿಲೆಗೆ ಅಲ್ಲಿ ಔಷಧಿ, ಪರೀಕ್ಷೆ, ರಕ್ತ ಎಲ್ಲಾ ಉಚಿತ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಇದೆಲ್ಲಾ ಬರುತ್ತದೆ.

ಹೆರಿಗೆ ಅಂದರೆ ಮಗು ಹೊರಗೆ ಬರೋದು ಅಷ್ಟೇ ಅಂದುಕೊಳ್ಳುತ್ತೇವೆ, ಅಲ್ವಾ? ನನಗೆ ಜಾಸ್ತಿ ಭಯ ಆಮೇಲಿನ ಒಂದೆರಡು ಗಂಟೆಯದು. ಮಾಸು (ಪ್ಲಾಸೆಂಟಾ) ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು, ಆಗಲೇ ಒಳಗಿನ ರಕ್ತನಾಳಗಳು ಮುಚ್ಚೋದು. ಅದು ಮೆತ್ತಗೇ ಉಳಿದರೆ ರಕ್ತ ಹರೀತಾನೇ ಇರುತ್ತದೆ, ಅರ್ಧ ಲೀಟರ್ ದಾಟಿದರೆ ಅಪಾಯ, ಮೊದಲೇ ರಕ್ತ ಕಡಿಮೆ ಇರುವವಳು ಅದಕ್ಕಿಂತ ಬೇಗ ಕುಸಿಯುತ್ತಾಳೆ. ಆಸ್ಪತ್ರೆಯಲ್ಲಾದರೆ ಮಗು ಬಂದ ನಿಮಿಷದೊಳಗೆ ತಾಯಿಯ ತೊಡೆಗೆ ಗರ್ಭಕೋಶ ಗಟ್ಟಿ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಕೊಡುತ್ತೇವೆ. ಮನೆಯಲ್ಲಿ ಅದಿಲ್ಲ. ಅದಕ್ಕೇ 108 ಬರುವ ತನಕ ಹೊಕ್ಕುಳಬಳ್ಳಿಯನ್ನು ಹಿಡಿದು ಎಳೆಯಬೇಡಿ, ಕತ್ತರಿಸುವ ಅವಸರವೂ ಬೇಡ. ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಹೊದಿಸಿ, ಮೊಲೆ ಹಿಡಿಸಿ. ಮಗು ಚೀಪಿದಷ್ಟೂ ಗರ್ಭಕೋಶ ಗಟ್ಟಿಯಾಗುತ್ತದೆ. ಹೊಕ್ಕುಳಿಗೆ ಬೂದಿ, ಅರಿಶಿನ ಏನೂ ಹಚ್ಚಬೇಡಿ. ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಹಾಕಿದ ಬಟ್ಟೆ ಹಾಕಿದ ಹಾಗೇ ನೆನೆಯುತ್ತಿದ್ದರೆ, ಕಾಯದೆ ಹೊರಡಿ.

ಎಲ್ಲಾ ಸರಿಯಾಗಿದೆ ಅನಿಸಿದರೂ ಅವತ್ತೇ ಆಶಾ ಅಕ್ಕನಿಗೆ ಹೇಳಿ. ಮಗುವಿಗೆ ಹೆಪಟೈಟಿಸ್ ಬಿ ಮೊದಲ ಲಸಿಕೆ 24 ಗಂಟೆಯೊಳಗೆ ಬೀಳಬೇಕು, ವಿಟಮಿನ್ ಕೆ ಇಂಜೆಕ್ಷನ್ ಕೂಡ ಇದೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಆರು ಸಲ ಬರುತ್ತಾರೆ, ಮನೆಯಲ್ಲಿ ಹೆತ್ತವರ ಹತ್ತಿರ ಏಳು ಸಲ. ಆ ಜಾಸ್ತಿ ಒಂದು ಸಲ ಮೊದಲ ದಿನದ್ದೇ.

ಮನೆಯೇ ಬೇಕು ಅನ್ನುವ ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಾಗಿರೋದು ಪಕ್ಕದಲ್ಲೊಬ್ಬ ಪರಿಚಯದವಳು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನನಗೆ ನೆನಪಾಗಿದ್ದು ನಮ್ಮೂರಿನ ಸೂಲಗಿತ್ತಿಯ ಕೈ, ನೋವು ತಿನ್ನುವವಳ ಸೊಂಟ ನೀವುತ್ತಾ ರಾತ್ರಿಯಿಡೀ ಕೂರುತ್ತಿದ್ದರು. ಹೆರಿಗೆ ಕೋಣೆಯಲ್ಲೂ ಈಗ ಹೆತ್ತು ಅನುಭವವಿರುವ ಒಬ್ಬ ಹೆಂಗಸು ಜೊತೆಗಿರಬಹುದು, ಸರ್ಕಾರದ ನಿಯಮವೇ ಹಾಗಿದೆ. ತಾಯಿ ಕಾರ್ಡ್ ತೋರಿಸಲು ಬಂದಾಗಲೇ ಕೇಳಿಟ್ಟುಕೊಳ್ಳಿ, ಯಾರು ಬರುತ್ತಾರೆ ಅಂತ ಹೆಸರೂ ಹೇಳಿಬಿಡಿ.