ಮನೆ ಹತ್ತಿರದ ಕ್ಲಿನಿಕ್ ಬಿಟ್ಟು ದೊಡ್ಡಾಸ್ಪತ್ರೆಗೆ: ಚೀನಾದ ರೋಗಿಗಳ ಲೆಕ್ಕಾಚಾರ (ಅಧ್ಯಯನ ಟಿಪ್ಪಣಿ)

ಸಮುದಾಯ ಆರೋಗ್ಯ ಓದುವವರಿಗೆ ಚೀನಾ ಎಂದ ಕೂಡಲೇ ನೆನಪಾಗುವುದು ‘ಬರಿಗಾಲ ವೈದ್ಯರು’, ಅಂದರೆ ಅಲ್ಪಾವಧಿ ತರಬೇತಿ ಪಡೆದು ತಮ್ಮ ಹಳ್ಳಿಯಲ್ಲೇ ಚಿಕಿತ್ಸೆ ಕೊಡುತ್ತಿದ್ದ ಹಳ್ಳಿಗರು. ಪರೀಕ್ಷೆಯಲ್ಲೂ ಅದನ್ನೇ ಕೇಳುತ್ತಾರೆ, ನಾವೂ ಅದನ್ನೇ ಬರೆದು ಬರುತ್ತೇವೆ. ಆದರೆ ಇವತ್ತಿನ ಚೀನಾದಲ್ಲಿ ನೆಗಡಿ ಬಂದವನೂ ನಗರದ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತಿರುತ್ತಾನೆ. ಅವನ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಆರೋಗ್ಯ ಕೇಂದ್ರದಲ್ಲಿ ಕುರ್ಚಿಗಳು ಖಾಲಿ. ‘ಹಿತ್ತಲ ಗಿಡ ಮದ್ದಲ್ಲ’ ಎಂದು ಷರಾ ಬರೆದು ಮುಂದೆ ಹೋಗುವುದು ಸುಲಭ. ನಾನೂ ಮೊದಲು ಹಾಗೇ ಬರೆದಿದ್ದೆ. ಓದುತ್ತಾ ಹೋದಂತೆ ಅನ್ನಿಸಿದ್ದು ಬೇರೆ: ಆ ರೋಗಿ ದಡ್ಡನಲ್ಲ, ಅವನದು ಪಕ್ಕಾ ಲೆಕ್ಕ.

ಮೊದಲು ರಚನೆ, ಚುಟುಕಾಗಿ. ಹಳ್ಳಿಯಲ್ಲಿ ಗ್ರಾಮ ಕ್ಲಿನಿಕ್, ಅದರ ಮೇಲೆ ಟೌನ್‌ಶಿಪ್ ಆರೋಗ್ಯ ಕೇಂದ್ರ. ನಗರದಲ್ಲಿ ಸಮುದಾಯ ಆರೋಗ್ಯ ಕೇಂದ್ರ, ಅದರ ಕೆಳಗೆ ಪುಟ್ಟ ಉಪಕೇಂದ್ರಗಳು. ಇವೆಲ್ಲ ಸೇರಿ ಪ್ರಾಥಮಿಕ ಹಂತ. ಆಸ್ಪತ್ರೆಗಳಿಗೆ ಮೂರು ದರ್ಜೆ, ದರ್ಜೆಯೊಳಗೆ ಮತ್ತೆ ಶ್ರೇಣಿ. ಮೂರನೇ ದರ್ಜೆಯ ‘ಎ’ ಶ್ರೇಣಿಗೆ ಜನ ಹೇಳುವುದು ‘ಸಾನ್ ಜ್ಯಾ’. ಈ ಎರಡಕ್ಷರದ ತೂಕ ನೆನಪಿಡಿ. ದೇಶದ ಆರೋಗ್ಯ ಸಂಸ್ಥೆಗಳಲ್ಲಿ ಶೇ. 90ಕ್ಕೂ ಹೆಚ್ಚು ಪ್ರಾಥಮಿಕ ಹಂತದವು. ಆದರೆ ಒಟ್ಟು ರೋಗಿ ಭೇಟಿಗಳಲ್ಲಿ ಅವುಗಳ ಪಾಲು ಸುಮಾರು ಅರ್ಧ ಮಾತ್ರ. ಪ್ರಾಥಮಿಕ ಹಂತವನ್ನು ಬಲಪಡಿಸಲು ಹೊರಟ 2009ರ ಆರೋಗ್ಯ ಸುಧಾರಣೆಯಾದ ಮೇಲೆ ಆ ಪಾಲು ಏರಬೇಕಿತ್ತು. ಮುಂದಿನ ಹತ್ತು ವರ್ಷದಲ್ಲಿ ಅದು ಇಳಿಯಿತು.

ಇತಿಹಾಸದಲ್ಲಿ ನಾಲ್ಕು ಇಸವಿ ಸಾಕು. 1965ರಲ್ಲಿ ಮಾವೋ, ವೈದ್ಯಕೀಯದ ಗಮನ ಹಳ್ಳಿಯ ಕಡೆ ತಿರುಗಲಿ ಎಂದದ್ದು. 1978ರ ನಂತರ ಕಮ್ಯೂನ್‌ಗಳು (ಹಳ್ಳಿಗಳ ಸಾಮೂಹಿಕ ಬೇಸಾಯದ ಘಟಕಗಳು) ಒಡೆದು, ಅವುಗಳ ಹಣದಿಂದ ನಡೆಯುತ್ತಿದ್ದ ಸಹಕಾರಿ ವೈದ್ಯಕೀಯ ಯೋಜನೆ ಬಹುತೇಕ ಕುಸಿದದ್ದು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಲಿ ಎಂದ ಅಂತರರಾಷ್ಟ್ರೀಯ ಅಲ್ಮಾ ಆಟಾ ಘೋಷಣೆಯೂ ಅದೇ 1978ರದ್ದು. ಜಗತ್ತು ಚೀನಾದ ಮಾದರಿಯನ್ನು ಹೊಗಳುತ್ತಿದ್ದಾಗಲೇ ಚೀನಾ ಅದನ್ನು ಕೈಬಿಡತೊಡಗಿತ್ತು. 1985ರಲ್ಲಿ ‘ಬರಿಗಾಲ ವೈದ್ಯ’ ಎಂಬ ಹೆಸರನ್ನೇ ಸರ್ಕಾರ ತೆಗೆದುಹಾಕಿತು. ಸಾರ್ಸ್ ಬಂದ 2003ರಲ್ಲಿ ಹಳ್ಳಿಗರಿಗೆ ಹೊಸ ಸಹಕಾರಿ ವಿಮೆ ಶುರುವಾಯಿತು. ನಡುವಿನ ಇಪ್ಪತ್ತು ಚಿಲ್ಲರೆ ವರ್ಷ ಬಹುಪಾಲು ಹಳ್ಳಿಗರು ಕೈಯಿಂದಲೇ ದುಡ್ಡು ಕೊಟ್ಟು ಔಷಧ ತಂದರು. ಆ ಕಾಲದ ಗೊಣಗಾಟ ಗಾದೆಯಂತೆ ಉಳಿದಿದೆ: ‘ಕಾನ್ ಬಿಂಗ್ ನಾನ್, ಕಾನ್ ಬಿಂಗ್ ಗ್ವೇ’. ಡಾಕ್ಟರಿಗೆ ತೋರಿಸುವುದು ಕಷ್ಟ, ತೋರಿಸಿದರೆ ದುಬಾರಿ.

ಈಗ ಲೆಕ್ಕಕ್ಕೆ ಬರೋಣ. ಚೀನಾದಲ್ಲಿ ಬಾಗಿಲು ಕಾಯುವ ಡಾಕ್ಟರು ಇಲ್ಲ. ಬ್ರಿಟನ್ನಿನಲ್ಲಿ ಮೊದಲು ಜಿಪಿ (ಸಾಮಾನ್ಯ ವೈದ್ಯ), ಅವರು ಕಳಿಸಿದ ಮೇಲೆ ತಜ್ಞ. ಚೀನಾದಲ್ಲಿ ಯಾರು ಬೇಕಾದರೂ ನೇರ ಸಾನ್ ಜ್ಯಾಗೆ ಹೋಗಿ ‘ಗ್ವಾ ಹಾವ್’ ಮಾಡಿಸಬಹುದು, ಅಂದರೆ ನಂಬರು ಪಡೆಯಬಹುದು. ತಜ್ಞರ ನಂಬರು ಎಷ್ಟು ಅಪರೂಪವೆಂದರೆ, ಅದನ್ನು ಕಾಳಸಂತೆಯಲ್ಲಿ ಮಾರುವವರಿಗೆ ‘ಹ್ವಾಂಗ್ ನ್ಯೂ’ (ಹಳದಿ ದನ) ಎಂದೇ ಹೆಸರು. 2016ರ ಜನವರಿಯಲ್ಲಿ ಬೀಜಿಂಗ್‌ನ ಆಸ್ಪತ್ರೆಯೊಂದರಲ್ಲಿ ಯುವತಿಯೊಬ್ಬಳು, 300 ಯುವಾನಿನ ನಂಬರಿಗೆ 4,500 ಕೇಳುತ್ತಿದ್ದಾರೆ ಎಂದು ಕೂಗಾಡಿದ ವಿಡಿಯೊ ದೇಶವಿಡೀ ಹರಿದಾಡಿತ್ತು.

ಸರ್ಕಾರ ಬೆಲೆಯಿಂದ ಜನರನ್ನು ತಿರುಗಿಸಲು ನೋಡಿತು. 2017ರ ಏಪ್ರಿಲ್‌ನಲ್ಲಿ ಬೀಜಿಂಗ್ ಹೊಸ ಸೇವಾ ಶುಲ್ಕ ತಂದಿತು. ಮೂರನೇ ದರ್ಜೆಯ ಆಸ್ಪತ್ರೆಯ ಸಾಮಾನ್ಯ ಹೊರರೋಗಿ ಭೇಟಿಗೆ 50 ಯುವಾನ್, ಅದರಲ್ಲಿ 40 ವಿಮೆಯದು, ರೋಗಿಯ ಕೈಯಿಂದ 10. ಪ್ರಾಥಮಿಕ ಹಂತದಲ್ಲಿ 20 ಯುವಾನ್, ವಿಮೆ 19, ರೋಗಿಯದು 1. ಕಾಗದದ ಮೇಲೆ ಹತ್ತು ಪಟ್ಟು ವ್ಯತ್ಯಾಸ. ಜೇಬಿನಲ್ಲಿ? ಒಂಬತ್ತು ಯುವಾನ್. ಅಷ್ಟು ಉಳಿಸಲು ಮಗುವಿನ ಜ್ವರವನ್ನು ಪರಿಚಯವಿಲ್ಲದ ಡಾಕ್ಟರ ಕೈಗೆ ಕೊಡುವ ತಾಯಿ ಎಲ್ಲಿದ್ದಾಳೆ?

ಡಾಕ್ಟರ ಓದಿನ ಪ್ರಶ್ನೆಯೂ ಇದೆ. ಹಳ್ಳಿ ವೈದ್ಯರಲ್ಲಿ ಹಲವರದು ಪೂರ್ಣ ಪದವಿಯಲ್ಲ, ‘ಗ್ರಾಮ ವೈದ್ಯ’ ಎಂಬ ಬೇರೆಯೇ ಪರವಾನಗಿ. ಐದು ವರ್ಷ ಓದು, ಮೂರು ವರ್ಷ ತರಬೇತಿ ಎಂಬ ‘5+3’ ಮಾದರಿಯನ್ನು ಸಾಮಾನ್ಯ ವೈದ್ಯರಿಗೆ ವಿಧಿಸಿದ್ದು 2011ರಲ್ಲಿ. ಆ ಪೀಳಿಗೆ ಬೆಳೆದು ಹೆಸರು ಮಾಡಲು ಸಮಯ ಬೇಕು. ರೋಗಿಗೆ ಡಾಕ್ಟರ ಜ್ಞಾನ ಅಳೆಯುವ ದಾರಿ ಇಲ್ಲ, ಕಟ್ಟಡದ ದರ್ಜೆ ಕಾಣುತ್ತದೆ. ಹಾಗಾಗಿ ಬೋರ್ಡು ನೋಡಿ ನಂಬುತ್ತಾನೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಔಷಧದ ಭಾಗ. 2009ಕ್ಕೆ ಮುಂಚೆ ಕ್ಲಿನಿಕ್‌ಗಳು ಔಷಧದ ಮೇಲೆ ಶೇ. 15 ಲಾಭ ಇಟ್ಟುಕೊಳ್ಳಬಹುದಿತ್ತು. ಜಾಸ್ತಿ ಬರೆದಷ್ಟೂ ಆದಾಯ. ಸಣ್ಣ ನೆಗಡಿಗೂ ಆಂಟಿಬಯೋಟಿಕ್, ಜೊತೆಗೆ ‘ದ್ಯಾವ್ ಪಿಂಗ್’, ಅಂದರೆ ತೂಗುಬಾಟ್ಲಿ, ನಮ್ಮ ಬಾಯಲ್ಲಿ ಡ್ರಿಪ್. ಇದರಲ್ಲಿ ರೋಗಿಯದೂ ಪಾಲಿದೆ. ಬಾಟ್ಲಿ ಏರಿಸದೆ ಕಳಿಸಿದರೆ ‘ಏನೂ ಮಾಡಲಿಲ್ಲ’ ಎಂಬ ಬೇಸರ. ಈ ಚಟ ಎಷ್ಟಿತ್ತೆಂದರೆ, 2016ರಲ್ಲಿ ಜಿಯಾಂಗ್ಸು ಪ್ರಾಂತ್ಯ ಮಕ್ಕಳ ಆಸ್ಪತ್ರೆಗಳನ್ನು ಬಿಟ್ಟು ಉಳಿದ ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಡ್ರಿಪ್ ನಿಲ್ಲಿಸಬೇಕಾಯಿತು.

2009ರಲ್ಲಿ ಪ್ರಾಥಮಿಕ ಹಂತದಲ್ಲಿ ಆ ಶೇ. 15 ರದ್ದಾಗತೊಡಗಿತು. ಜೊತೆಗೆ 307 ಅಗತ್ಯ ಔಷಧಗಳ ಪಟ್ಟಿ ಬಂತು. ಆಗ ಕ್ಲಿನಿಕ್‌ಗಳು ಆ ಪಟ್ಟಿಗೂ ಪ್ರಾಂತ್ಯ ಸೇರಿಸಿದ ಕೆಲವಕ್ಕೂ ಅಂಟಿಕೊಳ್ಳಬೇಕಿತ್ತು. ಉದ್ದೇಶ ಸರಿ. ಪರಿಣಾಮ ನೋಡಲು ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಬಿಪಿ ಇದೆ, ದೊಡ್ಡಾಸ್ಪತ್ರೆಯ ಡಾಕ್ಟರು ಒಂದು ಮಾತ್ರೆ ಬರೆದಿದ್ದಾರೆ, ಒಗ್ಗಿದೆ. ಮುಂದಿನ ತಿಂಗಳು ಮನೆ ಪಕ್ಕದ ಕೇಂದ್ರಕ್ಕೆ ಹೋದರೆ ಆ ಮಾತ್ರೆ ಪಟ್ಟಿಯಲ್ಲೇ ಇಲ್ಲ. ‘ಇದೂ ಅದೇ ತರಹ’ ಎಂದು ಬೇರೆ ಬಣ್ಣದ್ದು ಕೊಡುತ್ತಾರೆ. ಅಜ್ಜಿ ಬೇಡವೆಂದು ಬಸ್ಸು ಹತ್ತುತ್ತಾಳೆ. ಇದನ್ನು ಅಜ್ಞಾನ ಎನ್ನಲು ನನಗಂತೂ ಮನಸ್ಸಿಲ್ಲ. ಇತ್ತ ಡಾಕ್ಟರ ಸಂಬಳ ಹೆಚ್ಚುಕಡಿಮೆ ನಿಗದಿಯಾಗಿದ್ದರಿಂದ, ಹೆಚ್ಚು ರೋಗಿ ನೋಡಿದರೂ ಲಾಭವಿಲ್ಲ. ‘ಮೇಲಕ್ಕೆ ಹೋಗಿ’ ಎನ್ನುವುದು ಅವರಿಗೂ ಹಗುರ.

ಇದು ಬರೀ ಅನುಕೂಲದ ವಿಷಯವಲ್ಲ. 35ರಿಂದ 75 ವಯಸ್ಸಿನ 17 ಲಕ್ಷ ಚೀನೀಯರನ್ನು ಪರೀಕ್ಷಿಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇ. 45 ಜನರಿಗೆ ಬಿಪಿ ಇತ್ತು. ಬಿಪಿ ಇದ್ದವರಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದವರು ಶೇ. 30, ಹತೋಟಿಯಲ್ಲಿದ್ದವರು ಶೇ. 7ರಷ್ಟು. ಬಿಪಿ ಅಳೆದು, ಮಾತ್ರೆ ಕೊಟ್ಟು, ಮುಂದಿನ ತಿಂಗಳು ‘ಯಾಕೆ ಬರಲಿಲ್ಲ’ ಎಂದು ಕೇಳುವ ಕೆಲಸ ಹತ್ತಿರದ ಕ್ಲಿನಿಕ್‌ನದು. ದೊಡ್ಡಾಸ್ಪತ್ರೆ ಅದನ್ನು ಕೇಳುವುದಿಲ್ಲ.

ಇಲ್ಲಿ ನಾವು ಕಲಿಯುವವರು ಎಡವುವ ಜಾಗವೊಂದಿದೆ. ‘ನಿಮಗೆ ತೃಪ್ತಿಯೇ?’ ಎಂದು ಕ್ಲಿನಿಕ್‌ನೊಳಗೆ ಕೂತವರನ್ನು ಕೇಳಿದರೆ ಬಹುಪಾಲು ಹೌದು ಎನ್ನುತ್ತಾರೆ: ಹತ್ತಿರ, ಕಾಯಬೇಕಿಲ್ಲ, ಸಿಬ್ಬಂದಿ ಪರಿಚಿತರು, ಅಗ್ಗ. ಹಾಗಾದರೆ ನಂಬಿಕೆ ಇದೆಯೇ? ಮಂಡಿನೋವು, ಬಿಪಿ, ಲಸಿಕೆ, ಸೂಜಿಚಿಕಿತ್ಸೆ, ಚೀನೀ ಕಷಾಯಕ್ಕೆ ನಂಬಿಕೆ ಇದೆ. ಎದೆನೋವಿಗೆ ಇಲ್ಲ. ಮೇಲಾಗಿ, ನಂಬದವರು ಆ ಕುರ್ಚಿಯಲ್ಲಿ ಕೂತೇ ಇರುವುದಿಲ್ಲ, ಸಮೀಕ್ಷೆ ಅವರನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಸಂಶೋಧಕರು ಜಾನ್ಸ್ ಹಾಪ್ಕಿನ್ಸ್‌ನ ಬಾರ್ಬರಾ ಸ್ಟಾರ್‌ಫೀಲ್ಡ್ ತಂಡದ, ಪ್ರಾಥಮಿಕ ಆರೈಕೆಯ ಗುಣಮಟ್ಟ ಅಳೆಯುವ ಪಿಸಿಎಟಿ ಪ್ರಶ್ನಾವಳಿಯ ಚೀನೀ ರೂಪ ಬಳಸುತ್ತಾರೆ. ಅದು ತೃಪ್ತಿ ಕೇಳುವ ಬದಲು ಅನುಭವ ಕೇಳುತ್ತದೆ: ಹೊಸ ತೊಂದರೆಗೆ ಮೊದಲು ಎಲ್ಲಿಗೆ ಹೋಗುತ್ತೀರಿ? ಪ್ರತಿ ಸಲ ಅದೇ ಡಾಕ್ಟರು ನೋಡುತ್ತಾರಾ? ತಜ್ಞರಿಗೆ ಕಳಿಸಿದ ಮೇಲೆ ಏನಾಯಿತೆಂದು ವಿಚಾರಿಸಿದರಾ?

ವಿಮೆಯದೂ ಇದೇ ರಗಳೆ. ನಗರದ ನೌಕರರಿಗೆ ಸ್ವಂತ ಆರೋಗ್ಯ ಖಾತೆ ಇದೆ. ಅದಕ್ಕೆ ಹೋಗುತ್ತಿದ್ದ ಹಣ ಕಡಿತ ಮಾಡಿ ಹೊರರೋಗಿ ವೆಚ್ಚಕ್ಕೆ ಸಾಮೂಹಿಕ ನಿಧಿ ಮಾಡಹೊರಟಾಗ, 2023ರ ಫೆಬ್ರವರಿಯಲ್ಲಿ ವುಹಾನ್‌ನ ನಿವೃತ್ತರು ಬೀದಿಗಿಳಿದರು. ಕ್ಲಿನಿಕ್ ಭೇಟಿಗೆ ಮುಂದೆ ಸಿಗುವ ಮರುಪಾವತಿಗಿಂತ ಇವತ್ತು ಖಾತೆಯಲ್ಲಿರುವ ದುಡ್ಡು ಅವರಿಗೆ ಗಟ್ಟಿ.

2015ರಲ್ಲಿ ಸರ್ಕಾರ ‘ಹಂತ ಹಂತದ ಚಿಕಿತ್ಸೆ’ ನೀತಿ ತಂದಿತು, 2016ರಲ್ಲಿ ಕುಟುಂಬ ವೈದ್ಯರ ಒಪ್ಪಂದ. ಕುಟುಂಬ ಒಬ್ಬ ಡಾಕ್ಟರ ತಂಡದೊಂದಿಗೆ ಸಹಿ ಹಾಕಬೇಕು, ಕಡ್ಡಾಯವಲ್ಲ. ಗುರಿ ಮುಟ್ಟಿಸಲು ಸಹಿಗಳನ್ನು ಒಟ್ಟುಗೂಡಿಸಿದ್ದೇ ಒಟ್ಟುಗೂಡಿಸಿದ್ದು. ಇದಕ್ಕೆ ಹುಟ್ಟಿದ ಕೊಂಕು ‘ಚಿಯೆನ್ ಅರ್ ಬು ಯುಯೆ’: ಸಹಿ ಉಂಟು, ಒಪ್ಪಂದ ಇಲ್ಲ. ಮೇಲಕ್ಕೆ ಕಳಿಸುವುದು ಸಲೀಸು, ಕೆಳಕ್ಕೆ ವಾಪಸ್ಸು ಕಳಿಸುವುದು ಕಷ್ಟ ಎಂಬ ಮಾತೂ ಅಲ್ಲಿ ಸಾಮಾನ್ಯ. ಬಂದ ರೋಗಿಯನ್ನು ದೊಡ್ಡಾಸ್ಪತ್ರೆ ಯಾಕೆ ಬಿಟ್ಟುಕೊಟ್ಟೀತು?

ಅಜ್ಜಿಗೆ ನಿಜವಾಗಿ ಉಪಯೋಗವಾಗುವಂಥದ್ದು ಎರಡು ಕಂಡೆ. ಒಂದು, ದೀರ್ಘಾವಧಿಯ ಚೀಟಿ. 2021ರ ನಿಯಮದ ಪ್ರಕಾರ ಸ್ಥಿರವಾಗಿರುವ ದೀರ್ಘಕಾಲದ ಕಾಯಿಲೆಗೆ ಗರಿಷ್ಠ 12 ವಾರದ ಔಷಧ ಒಟ್ಟಿಗೆ ಬರೆಯಬಹುದು. ಇನ್ನೊಂದು ಷಿಯಾಮೆನ್ ನಗರದ್ದು. ಅಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಒಬ್ಬ ರೋಗಿಗೆ ಮೂವರು: ದೊಡ್ಡಾಸ್ಪತ್ರೆಯ ತಜ್ಞ, ಸಮುದಾಯ ಕೇಂದ್ರದ ಸಾಮಾನ್ಯ ವೈದ್ಯ, ಫೋನು ಮಾಡಿ ವಿಚಾರಿಸುವ ಆರೋಗ್ಯ ವ್ಯವಸ್ಥಾಪಕ. ತಜ್ಞನೇ ಸಮುದಾಯ ಕೇಂದ್ರಕ್ಕೆ ಇಳಿದು ಬರುತ್ತಾನೆ. ಅಜ್ಜಿ ಬಸ್ಸು ಹತ್ತುವುದು ತಪ್ಪುತ್ತದೆ. ಆದರೆ ಅವಳು ನೋಡಲು ಬಂದಿರುವುದು ಪಕ್ಕದ ಕುರ್ಚಿಯಲ್ಲಿ ಕೂತ ಸಾಮಾನ್ಯ ವೈದ್ಯನನ್ನೋ, ಸಾನ್ ಜ್ಯಾದಿಂದ ಬಂದವನನ್ನೋ?